ಕ್ಲಚ್ ಪೆಡಲಿನ ಸ್ಪರ್ಶಗುಣ: ಸುಧಾರಣೆಯೆಂಬುದರ ವಿಮರ್ಶೆ

೧

ಸ್ಪೋರ್ಟ್ಸ್ ಕಾರುಗಳನ್ನು ಕುರಿತು ಬರೆದವರು ಎಂಜಿನ್ನಿನ ಶಕ್ತಿಯನ್ನೂ ವೇಗವನ್ನೂ ಅಂಗಸೌಷ್ಠವವನ್ನೂ ವಿಸ್ತಾರವಾಗಿ ವಿವೇಚಿಸಿದ್ದಾರೆ. ಕ್ಲಚ್ ಪೆಡಲಿನ ವಿಷಯ ಬಂದಾಗ ಮಾತ್ರ ವಿವೇಚನೆ ಎರಡು ವಿಶೇಷಣಗಳಲ್ಲಿ ಮುಗಿದುಹೋಗುತ್ತದೆ: ಪೆಡಲು ಹಗುರವಾಗಿದೆ, ಇಲ್ಲವೆ ಬಿಗಿಯಾಗಿದೆ. ಹಗುರವಾದುದೇ ಸುಖಕರವೆಂದು ಒಂದು ಪಕ್ಷ. ಬಿಗಿಯಾಗಿದ್ದರೇನೆ ಅದು ನಿಜವಾದ ಸ್ಪೋರ್ಟ್ಸ್ ಕಾರೆಂದು ಮತ್ತೊಂದು ಪಕ್ಷ. ಈ ಎರಡೂ ಪಕ್ಷಗಳು ಸಮಾನವಾಗಿ ದೋಷಯುಕ್ತವೆಂಬುದು ನಮ್ಮ ಅಭಿಪ್ರಾಯ. ಪೆಡಲಿನ ಗುಣವನ್ನು ಅಳೆಯಬೇಕಾದುದು ಅದರ ಭಾರದಿಂದಲ್ಲ, ಪ್ರಾಮಾಣಿಕತೆಯಿಂದ. ಎಂದರೆ, ಕ್ಲಚ್ಚಿನಲ್ಲಿ ನಡೆಯುತ್ತಿರುವುದನ್ನು ಅದು ಕಾಲಿಗೆ ಎಷ್ಟರ ಮಟ್ಟಿಗೆ ಯಥಾವತ್ತಾಗಿ ತಿಳಿಸುತ್ತದೆ ಎಂಬುದರಿಂದ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಂಭೀರವಾದ ಪರೀಕ್ಷೆಯೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವನ್ನು ಇತ್ತೀಚಿನ ಇತಿಹಾಸವೇ ಕೊಡುತ್ತದೆ. ೨೦೦೦ ದಿಂದ ೨೦೦೬ ರ ವರೆಗೆ ತಯಾರಾದ ಬಿ.ಎಂ.ಡಬ್ಲ್ಯು. ಸಂಸ್ಥೆಯ ಇ೪೬ ಮಾದರಿಯ ಎಂ೩ ಕಾರನ್ನು ತೆಗೆದುಕೊಳ್ಳೋಣ. ಅದರ ಆರು ಸಿಲಿಂಡರುಗಳ, ೩೨೪೬ ಘನ ಸೆಂಟಿಮೀಟರುಗಳ ಎಂಜಿನ್ನು ನಿಮಿಷಕ್ಕೆ ೭೯೦೦ ಸುತ್ತುಗಳಲ್ಲಿ ತನ್ನ ಪರಮಶಕ್ತಿಯನ್ನು ಮುಟ್ಟುತ್ತದೆ. ಕೊಳ್ಳುವವರ ಮುಂದೆ ಎರಡು ಆಯ್ಕೆಗಳಿದ್ದವು: ಕ್ಲಚ್ ಪೆಡಲಿರುವ ಆರು ಗೇರುಗಳ ಕಾರು, ಇಲ್ಲವೆ ಅದೇ ಬಗೆಯ ಗೇರುಪೆಟ್ಟಿಗೆಯನ್ನು ಹೈಡ್ರಾಲಿಕ್ ಯಂತ್ರವೇ ನಡೆಸುವ, ಪೆಡಲಿಲ್ಲದ ಎಸ್.ಎಂ.ಜಿ. ವ್ಯವಸ್ಥೆಯ ಕಾರು. ಆದರೆ ೨೦೦೩ ರಲ್ಲಿ ಭಾರವನ್ನಿಳಿಸಿ, ಶಕ್ತಿಯನ್ನೇರಿಸಿ ಹೊರತಂದ ಸಿ.ಎಸ್.ಎಲ್. ಎಂಬ ಅತಿತೀಕ್ಷ್ಣ ರೂಪದಲ್ಲಿ ಎಸ್.ಎಂ.ಜಿ.ಯೊಂದೇ ಉಳಿಯಿತು. ೨೦೧೩ ರಲ್ಲಿ ಪೋರ್ಷೆ ಸಂಸ್ಥೆ ತನ್ನ ೯೧೧ ಜಿ.ಟಿ.೩ ಕಾರಿನಿಂದಲೂ ಕ್ಲಚ್ ಪೆಡಲನ್ನು ತೆಗೆದುಹಾಕಿತು. ಗೇರು ಬದಲಿಸುವ ವೇಗದಲ್ಲಿ ಮನುಷ್ಯನ ಕಾಲು ಯಂತ್ರಕ್ಕೆ ಸೋತಿತೆಂಬುದು ಅಲ್ಲಿಗೆ ಸಿದ್ಧವಾಯಿತು.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೬ ರಲ್ಲಿ ಪೋರ್ಷೆ ೯೧೧ ಆರ್ ಎಂಬ ಕಾರು ಆರು ಗೇರುಗಳ ಕೈಗೇರಿನೊಡನೆ ಬಂದಿತು. ೨೦೧೭ ರಲ್ಲಿ ಜಿ.ಟಿ.೩ ಕಾರಿಗೂ ಕೈಗೇರು ಮರಳಿತು. ಎಸ್.ಎಂ.ಜಿ. ಇದ್ದ ಎಂ೩ ಕಾರುಗಳನ್ನು ಹಣ ತೆತ್ತು ಪೆಡಲಿಗೆ ಪರಿವರ್ತಿಸಿಕೊಂಡವರೂ ಉಂಟು. ಇವರು ಬಯಸಿದ್ದು ವೇಗವನ್ನಲ್ಲವೆಂಬುದು ಸ್ಪಷ್ಟ. ಯಂತ್ರದೊಡನೆ ಕಾಲಿಗಿದ್ದ ಸಂವಾದವನ್ನು ಅವರು ಬಯಸಿದರು. ಹೀಗಿರಲಾಗಿ ಸ್ಪರ್ಶಗುಣವು ಕ್ಲಚ್ ಪೆಡಲಿಗೆ ಒಂದು ಅಲಂಕಾರವಲ್ಲ. ಅದು ಉಳಿದಿರುವುದಕ್ಕೆ ಇರುವ ಏಕಮಾತ್ರ ಕಾರಣ. ಆ ಸಂವಾದದಲ್ಲಿ ಸುಳ್ಳು ಸೇರಿದರೆ ಪೆಡಲು ಇದ್ದೂ ಇಲ್ಲದಂತೆಯೆ.

೨

ಪೆಡಲು ಏನನ್ನು ಹೇಳಬಲ್ಲುದೆಂಬುದನ್ನು ಮೊದಲು ತಿಳಿಯಬೇಕು. ಎಂಜಿನ್ನಿನ ಫ್ಲೈವೀಲಿಗೂ ಗೇರುಪೆಟ್ಟಿಗೆಗೂ ನಡುವೆ ಘರ್ಷಣೆಯ ಒಂದು ತಟ್ಟೆಯಿದೆ. ಅದನ್ನು ಪ್ರೆಷರ್ ಪ್ಲೇಟು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ಹಾಗೆ ಒತ್ತುವ ಬಲ ಬಟ್ಟಲಿನಾಕಾರದ ಡಯಾಫ್ರಾಮ್ ಸ್ಪ್ರಿಂಗಿನದು. ಚಾಲಕ ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ದ್ರವ ಸ್ಲೇವ್ ಸಿಲಿಂಡರನ್ನು ತಳ್ಳಿ, ಅದು ರಿಲೀಸ್ ಬೇರಿಂಗನ್ನು ಸ್ಪ್ರಿಂಗಿನ ಬೆರಳುಗಳ ಮೇಲೆ ಒತ್ತಿಸಿ, ತಟ್ಟೆಯನ್ನು ಬಿಡಿಸುತ್ತದೆ.

ಸುರುಳಿ ಸ್ಪ್ರಿಂಗು ಒತ್ತಿದಷ್ಟೂ ಗಟ್ಟಿಯಾಗುತ್ತದೆ. ಡಯಾಫ್ರಾಮ್ ಸ್ಪ್ರಿಂಗಿನ ಸ್ವಭಾವ ಬೇರೆ: ಅದರ ವಿರೋಧ ಮೊದಲು ಏರಿ, ಒಂದು ಶಿಖರವನ್ನು ಮುಟ್ಟಿ, ಬಳಿಕ ಇಳಿಯುತ್ತದೆ. ಆದ್ದರಿಂದ ನಡುದಾರಿಯಲ್ಲಿ ಗಟ್ಟಿತನವೂ ಕೊನೆಯಲ್ಲಿ ಸಡಿಲವೂ ಪೆಡಲಿಗೆ ಸಹಜವಾದುವು. ತಟ್ಟೆಯ ಎರಡು ಮೈಗಳ ನಡುವಣ ತೆಳುವಾದ ಮೆತ್ತೆಸ್ಪ್ರಿಂಗು, ಹಿಡಿತ ಒಮ್ಮೆಗೇ ಬೀಳದಂತೆ ಕ್ರಮವಾಗಿ ಕೂಡಿಸುತ್ತದೆ. ಪೆಡಲನ್ನು ಬಿಡುವಾಗ ಕಾಲಿಗೆ ತಿಳಿಯುವ ಆ ಸೂಕ್ಷ್ಮವಾದ ಬದಲಾವಣೆಯೇ ‘ಹಿಡಿಯುವ ಬಿಂದು’. ಅನುಭವಿಯಾದ ಚಾಲಕ ಹುಡುಕುವುದು ಇದನ್ನೇ.

ಕಾಲಿಗೂ ಬೇರಿಂಗಿಗೂ ನಡುವೆ ಎರಡು ಅನುಪಾತಗಳುಂಟು; ಪೆಡಲಿನ ಸನ್ನೆಯದು ಒಂದು, ಸಿಲಿಂಡರುಗಳ ವಿಸ್ತೀರ್ಣದ್ದು ಇನ್ನೊಂದು. ಇಲ್ಲಿ ಒಂದು ನಿಷ್ಠುರವಾದ ನಿಯಮವಿದೆ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಉದಾಹರಣೆಗೆ, ಮಾಸ್ಟರ್ ಸಿಲಿಂಡರಿನ ವ್ಯಾಸವನ್ನು ಅಂಗುಲದ ೫/೮ ರಿಂದ ೩/೪ ಕ್ಕೆ ಏರಿಸಿದರೆ ವಿಸ್ತೀರ್ಣ ೧.೪೪ ಪಟ್ಟಾಗುತ್ತದೆ. ಪೆಡಲಿನ ಚಲನೆ ನೂರಕ್ಕೆ ಸುಮಾರು ೩೧ ರಷ್ಟು ಕಿರಿದಾಗುತ್ತದೆ. ಒತ್ತಬೇಕಾದ ಬಲ ನೂರಕ್ಕೆ ೪೪ ರಷ್ಟು ಹೆಚ್ಚುತ್ತದೆ. ಹಗುರವೂ ಗಿಡ್ಡವೂ ಆದ ಪೆಡಲನ್ನು ಅನುಪಾತದ ಬದಲಾವಣೆಯಿಂದ ಯಾರೂ ಪಡೆಯಲಾರರು.

ಇನ್ನೊಂದು ಸಂಗತಿ ಘರ್ಷಣೆ. ಕೀಲಿನ ಬುಷ್, ಸಿಲಿಂಡರುಗಳ ಸೀಲು, ಬೇರಿಂಗು ಜಾರುವ ನಳಿಗೆ ಇವುಗಳೆಲ್ಲ ಒತ್ತುವಾಗ ಕಾಲಿಗೆ ಎದುರಾಗಿ, ಬಿಡುವಾಗ ಕ್ಲಚ್ಚಿಗೆ ಎದುರಾಗಿ ನಿಲ್ಲುತ್ತವೆ. ಆದುದರಿಂದ ಒತ್ತುವಾಗಿನ ಬಲಕ್ಕೂ ಬಿಡುವಾಗಿನ ಬಲಕ್ಕೂ ಅಂತರ ಬೀಳುತ್ತದೆ. ಈ ಅಂತರ ಹೆಚ್ಚಿದಂತೆಲ್ಲ ಹಿಡಿಯುವ ಬಿಂದು ಮಸಕಾಗುತ್ತದೆ. ಪೆಡಲಿನ ಭಾರದಲ್ಲಿ ಸ್ಪ್ರಿಂಗಿನ ಪಾಲು ಸುದ್ದಿ. ಘರ್ಷಣೆಯ ಪಾಲು ಬರಿಯ ಗದ್ದಲ. ಹಗುರ, ಬಿಗಿ ಎಂಬ ಮಾತುಗಳು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ನಮ್ಮನ್ನು ದಾರಿ ತಪ್ಪಿಸುತ್ತವೆ.

೩

ಈ ಒರೆಗಲ್ಲಿಗೆ ಎಂ೩ ಕಾರಿನ ಪೆಡಲನ್ನು ಹಚ್ಚಿದಾಗ ತಯಾರಕರ ಎರಡು ನಿರ್ಣಯಗಳು ಆಕ್ಷೇಪಾರ್ಹವಾಗಿ ತೋರುತ್ತವೆ.

ಮೊದಲನೆಯದು ವಿಳಂಬ ಕವಾಟ. ಸ್ಲೇವ್ ಸಿಲಿಂಡರಿಗೂ ಅದಕ್ಕೆ ದ್ರವವನ್ನೊಯ್ಯುವ ಹೋಸಿಗೂ ನಡುವೆ ಕಿರಿದಾದ ರಂಧ್ರವುಳ್ಳ ಸಣ್ಣ ಭಾಗವೊಂದನ್ನು ಇಟ್ಟಿದ್ದಾರೆ. ಒತ್ತುವಾಗ ದ್ರವ ನಿರಾತಂಕವಾಗಿ ಹರಿಯುತ್ತದೆ. ಬಿಡುವಾಗ ಮಾತ್ರ ಅದು ಆ ರಂಧ್ರದ ಮೂಲಕ ನಿಧಾನವಾಗಿ ಹಿಂದಿರುಗಬೇಕು. ಅನನುಭವಿಯೊಬ್ಬ ಪೆಡಲಿನಿಂದ ಕಾಲನ್ನು ಥಟ್ಟನೆ ತೆಗೆದರೂ ಗೇರುಪೆಟ್ಟಿಗೆಗೂ ಅಚ್ಚುಗಳಿಗೂ ಆಘಾತ ತಗಲಬಾರದೆಂಬುದು ಇದರ ಉದ್ದೇಶ. ಉದ್ದೇಶ ಯುಕ್ತವಾದುದೇ. ಕಾರು ಪಟುಗಳಿಗೆ ಮಾತ್ರ ಮಾರಾಟವಾಗುವುದಿಲ್ಲ. ಮುರಿದ ಭಾಗಗಳ ಹೊಣೆ ತಯಾರಕರದೇ.

ಆದರೆ ಪರಿಣಾಮವನ್ನು ಗಮನಿಸಬೇಕು. ಪೆಡಲನ್ನು ಮೆಲ್ಲನೆ ಬಿಟ್ಟಾಗ ದ್ರವದ ಹರಿವು ಸಹಜವಾಗಿಯೇ ಮಂದವಾಗಿರುವುದರಿಂದ ಕವಾಟದ ಪ್ರಭಾವ ಕಾಣುವುದಿಲ್ಲ; ಹಿಡಿಯುವ ಬಿಂದು ಒಂದು ಎತ್ತರದಲ್ಲಿ ಸಿಕ್ಕುತ್ತದೆ. ವೇಗವಾಗಿ ಬಿಟ್ಟಾಗ ಕಾಲು ಮೇಲೆ ಬಂದಿದ್ದರೂ ಕ್ಲಚ್ಚು ಇನ್ನೂ ಕೂಡುತ್ತಲೇ ಇರುತ್ತದೆ. ಬಿಂದು ಇನ್ನೊಂದು ಎತ್ತರಕ್ಕೆ ಸರಿದಂತೆ ಭಾಸವಾಗುತ್ತದೆ. ಒಂದೇ ಕ್ಲಚ್ಚಿಗೆ ಎರಡು ನಾಲಗೆಗಳಾದುವು. ಚಾಲಕ ಅಭ್ಯಾಸದಿಂದ ಪಡೆದ ಜ್ಞಾನ ಅವನು ಚುರುಕಾದೊಡನೆ ಕೈಕೊಡುತ್ತದೆ. ಅಷ್ಟೇ ಅಲ್ಲ, ಆ ವಿಳಂಬದ ಕಾಲದಲ್ಲಿ ತಟ್ಟೆ ಜಾರುತ್ತಲೇ ಇರುವುದರಿಂದ ಕಾವೂ ಸವೆತವೂ ಹೆಚ್ಚುತ್ತವೆ. ಪಟುವಲ್ಲದವನ ತಪ್ಪನ್ನು ಮುಚ್ಚಲು ಪಟುವಾದವನಿಗೆ ಸುಳ್ಳು ಹೇಳುವ ಈ ಏರ್ಪಾಡು ಮನೆಬಳಕೆಯ ಕಾರಿಗೆ ಒಪ್ಪೀತು. ನಿಮಿಷಕ್ಕೆ ಎಂಟು ಸಾವಿರ ಸುತ್ತುಗಳ ಸಮೀಪ ಗೇರು ಬದಲಿಸಬೇಕಾದ ಕಾರಿಗೆ ಒಪ್ಪದು. ಕ್ಷೇಮೇಂದ್ರ ಕಾವ್ಯಕ್ಕೆ ಜೀವವೆಂದು ಹೇಳಿದ ಔಚಿತ್ಯ ಇಲ್ಲಿ ಭಂಗವಾಗಿದೆ: ಆಭರಣ ತನ್ನಲ್ಲಿ ಕೆಟ್ಟದ್ದಲ್ಲ, ತೊಟ್ಟ ಸ್ಥಾನ ತಪ್ಪಿದೆ.

ಎರಡನೆಯದು ಪೆಡಲಿನ ಸಹಾಯಕ ಸ್ಪ್ರಿಂಗು. ಪೆಡಲು ಮೇಲಿರುವಾಗ ಇದು ಪೆಡಲನ್ನು ಮೇಲಕ್ಕೇ ಒತ್ತಿ ಹಿಡಿಯುತ್ತದೆ. ಸ್ವಲ್ಪ ದೂರ ಒತ್ತಿದ ಮೇಲೆ ಅದರ ಬಲದ ರೇಖೆ ಕೀಲಿನ ಕೇಂದ್ರವನ್ನು ದಾಟಿ, ಅಲ್ಲಿಂದ ಮುಂದೆ ಕೆಳಕ್ಕೆ ತಳ್ಳಲು ತೊಡಗುತ್ತದೆ. ಶಿಖರದ ಭಾರ ಇದರಿಂದ ತಗ್ಗುವುದು ನಿಜ. ಆದರೆ ಡಯಾಫ್ರಾಮ್ ಸ್ಪ್ರಿಂಗು ತಾನಾಗಿಯೇ ಸಡಿಲವಾಗುವ ಕಡೆಯಲ್ಲಿ ಇದೂ ಸೇರಿ ತಳ್ಳುವುದರಿಂದ ಪೆಡಲು ಹಳ್ಳಕ್ಕೆ ಬಿದ್ದಂತಾಗುತ್ತದೆ. ಮರಳಿ ಬರುವಾಗ ಸಹಾಯಕ ಸ್ಪ್ರಿಂಗು ದಿಕ್ಕು ಬದಲಿಸುವ ಸ್ಥಳ ಹಿಡಿಯುವ ಬಿಂದುವಿನ ಸಮೀಪಕ್ಕೆ ಬಂದರಂತೂ ಎರಡು ಬದಲಾವಣೆಗಳು ಒಂದರೊಳಗೊಂದು ಬೆರೆತು, ಯಾವುದು ಕ್ಲಚ್ಚಿನ ಮಾತು, ಯಾವುದು ಸ್ಪ್ರಿಂಗಿನ ಮಾತು ಎಂಬುದು ಕಾಲಿಗೆ ತಿಳಿಯದು. ವಿಳಂಬ ಕವಾಟ ಕಾಲದಲ್ಲಿ ಮಾಡುವ ತಪ್ಪನ್ನು ಈ ಸ್ಪ್ರಿಂಗು ಬಲದಲ್ಲಿ ಮಾಡುತ್ತದೆ.

೪

ತಯಾರಕರನ್ನು ಹೀಗೆ ಆಕ್ಷೇಪಿಸಿದ ಮಾತ್ರಕ್ಕೆ ಕಾರುಪ್ರಿಯರು ಮಾಡಿಕೊಳ್ಳುವ ಸುಧಾರಣೆಗಳೆಲ್ಲವೂ ಸಾಧುವೆಂದಾಗುವುದಿಲ್ಲ. ಅವುಗಳನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು.

ವಿಳಂಬ ಕವಾಟವನ್ನು ತೆಗೆಯುವುದು ಇವುಗಳಲ್ಲಿ ಅತ್ಯಂತ ಸಾರ್ಥಕವಾದುದು. ಅದು ಪೆಡಲಿನ ಭಾರವನ್ನು ಹೆಚ್ಚಿಸದು, ತಗ್ಗಿಸದು. ಕಾಲಿಗೂ ಕ್ಲಚ್ಚಿಗೂ ನಡುವಣ ಕಾಲವ್ಯತ್ಯಾಸವನ್ನು ಮಾತ್ರ ಅಳಿಸುತ್ತದೆ. ಅದರೊಡನೆ ಚಾಲಕನ ಹೊಣೆಯೂ ಹೆಚ್ಚುತ್ತದೆ. ಇನ್ನು ಮುಂದೆ ಅವನ ತಪ್ಪು ತಪ್ಪಾಗಿಯೇ ಕೇಳಿಸುತ್ತದೆ.

ಸಹಾಯಕ ಸ್ಪ್ರಿಂಗಿನ ವಿಷಯದಲ್ಲಿ ಇಷ್ಟು ಸರಳವಾದ ತೀರ್ಪು ಸಲ್ಲದು. ಅದನ್ನು ಕಿತ್ತುಹಾಕಿದರೆ ಬಲದ ರೇಖೆ ಶುದ್ಧವಾಗುತ್ತದೆ, ದಿಟ. ಆದರೆ ಪೆಡಲನ್ನು ಪೂರ್ಣವಾಗಿ ಮೇಲಕ್ಕೆ ತರುವ ಕೆಲಸವೂ ಅದರದೇ. ಪೆಡಲು ಪೂರ್ತಿ ಮೇಲೆ ಬಾರದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ದ್ರವದ ಪಾತ್ರೆಗೆ ತೆರೆದಿರಬೇಕಾದ ರಂಧ್ರ ಮುಚ್ಚಿಯೇ ಉಳಿದು, ಕೊಳವೆಯಲ್ಲಿ ಒತ್ತಡ ನಿಂತುಬಿಡಬಹುದು. ಆಗ ಬೇರಿಂಗಿಗೆ ವಿಶ್ರಾಂತಿಯಿಲ್ಲ, ಕ್ಲಚ್ಚಿಗೆ ಪೂರ್ಣ ಹಿಡಿತವಿಲ್ಲ. ಆದ್ದರಿಂದ ದುರ್ಬಲವಾದ ಬೇರೊಂದು ಸ್ಪ್ರಿಂಗನ್ನು ಇಡುವುದು ಕಿತ್ತುಹಾಕುವುದಕ್ಕಿಂತ ವಿವೇಕದ ಮಾರ್ಗ.

ಪೆಡಲು ಅಗತ್ಯಕ್ಕಿಂತ ಕೆಳಗೆ ಹೋಗದಂತೆ ನೆಲದಲ್ಲಿ ಕೂರಿಸುವ ತಡೆಗಟ್ಟಿಯೂ ಪ್ರಯೋಜನಕಾರಿಯೇ. ಆದರೆ ಅದನ್ನು ಅತ್ಯಂತ ಮೇಲಕ್ಕೆ ತಂದರೆ ತಟ್ಟೆ ಪೂರ್ಣವಾಗಿ ಬಿಡುವುದಿಲ್ಲ. ಹಾಗೆ ಎಳೆಯುವ ತಟ್ಟೆಯ ದಂಡನೆಯನ್ನು ಅನುಭವಿಸುವುವು ಗೇರುಪೆಟ್ಟಿಗೆಯ ಸಿಂಕ್ರೊ ಉಂಗುರಗಳು. ಕಾವೇರಿದ ಕ್ಲಚ್ಚಿಗೆ ಬೇಕಾಗುವ ಹೆಚ್ಚಿನ ಅವಕಾಶವನ್ನು ಬಿಟ್ಟೇ ಅದನ್ನು ಕೂರಿಸಬೇಕು.

ರಬ್ಬರಿನ ಹೋಸಿನ ಬದಲು ಉಕ್ಕಿನ ಹೆಣಿಗೆಯ ಹೋಸನ್ನು ಹಾಕುವುದಕ್ಕೆ ದೊರೆತಿರುವ ಪ್ರಶಂಸೆ ಅದರ ಯೋಗ್ಯತೆಗೆ ಮೀರಿದ್ದು. ಕ್ಲಚ್ಚಿನ ದ್ರವದೊತ್ತಡ ಬಲವಾಗಿ ಬ್ರೇಕು ಒತ್ತಿದಾಗಿನ ಒತ್ತಡದಷ್ಟಿರದು. ಸುಸ್ಥಿತಿಯಲ್ಲಿರುವ ರಬ್ಬರು ಅಲ್ಲಿ ಉಬ್ಬುವುದು ಅತ್ಯಲ್ಪ. ಹೊಸ ಹೋಸು ಹಾಕಿದವರು ಅದರೊಡನೆ ಹಳೆಯ ದ್ರವವನ್ನೂ ಅದರಲ್ಲಿದ್ದ ಗಾಳಿಯನ್ನೂ ಹೊರಹಾಕಿರುತ್ತಾರೆ. ಗುಣ ಬಂದದ್ದು ಬಹುಮಟ್ಟಿಗೆ ಅದರಿಂದ. ಬ್ರೇಕಿನೊಡನೆ ಒಂದೇ ಪಾತ್ರೆಯನ್ನು ಹಂಚಿಕೊಂಡಿರುವ ಈ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದೆಂಬುದನ್ನು ಮರೆಯಬಾರದು.

ಬಲವಾದ ಪ್ರೆಷರ್ ಪ್ಲೇಟನ್ನೂ ಮೆತ್ತೆಸ್ಪ್ರಿಂಗಿಲ್ಲದ ಲೋಹದ ತಟ್ಟೆಯನ್ನೂ ಹಾಕಿ ‘ಬಿಗಿಯಾದ ಪೆಡಲು’ ಪಡೆದೆವೆಂದು ಹಿಗ್ಗುವವರ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಎಂಜಿನ್ನಿನ ಶಕ್ತಿ ಹೆಚ್ಚಿ ಹಿಡಿತ ಸಾಲದೆ ಹೋದಾಗ ಅದು ಅನಿವಾರ್ಯ. ಸ್ಪರ್ಶಗುಣಕ್ಕಾಗಿ ಅದನ್ನು ಮಾಡುವುದು ಅವಿವೇಕ. ಭಾರ ಹೆಚ್ಚಿ, ಹಿಡಿಯುವ ಬಿಂದುವಿನ ಸೂಕ್ಷ್ಮಕ್ರಮ ಅಳಿದು, ಕೂಡುವುದು ಬಿಡುವುದು ಎಂಬ ಎರಡೇ ಅವಸ್ಥೆಗಳು ಉಳಿಯುತ್ತವೆ. ಒತ್ತುವ ಬಲವನ್ನೆಲ್ಲ ಕಡೆಗೆ ತಡೆಯಬೇಕಾದ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೂ ಹೊರೆ ಏರುತ್ತದೆ. ಗಟ್ಟಿಯಾಗಿ ಕೂಗುವುದು ಸ್ಪಷ್ಟವಾಗಿ ಮಾತಾಡುವುದಾಗದು.

ಕೊನೆಯದಾಗಿ, ಬಹುಮಂದಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಪೆಡಲಿನ ದೋಷ ಹುಟ್ಟಿನದೋ, ಮುಪ್ಪಿನದೋ? ಸಾಮಾನ್ಯ ರಚನೆಯ ಕ್ಲಚ್ಚಿನಲ್ಲಿ ತಟ್ಟೆ ಸವೆದಂತೆ ಡಯಾಫ್ರಾಮ್ ಸ್ಪ್ರಿಂಗಿನ ನಿಲುವು ಬದಲಾಗಿ, ಪೆಡಲಿನ ಭಾರ ಏರುತ್ತದೆ. ತಾನೇ ಸರಿಪಡಿಸಿಕೊಳ್ಳುವ ಕ್ಲಚ್ಚುಗಳು ಬಂದದ್ದೇ ಈ ಏರಿಕೆಯನ್ನು ತಡೆಯಲು. ಸವೆದ ಬುಷ್, ಒಣಗಿದ ನಳಿಗೆ, ಗಾಳಿ ಸೇರಿದ ದ್ರವ ಇವುಗಳಿಂದ ಕೆಟ್ಟ ಪೆಡಲನ್ನು ರಚನೆಯ ದೋಷವೆಂದು ಬಗೆದು ಹೊಸ ಭಾಗಗಳನ್ನು ಕೊಳ್ಳುವುದು, ಶ್ರುತಿ ಇಳಿದ ವೀಣೆಯನ್ನು ಮಾರಿ ಬೇರೆ ವೀಣೆಯನ್ನು ತಂದಂತೆ. ದುರಸ್ತಿ ಮೊದಲು, ಸುಧಾರಣೆ ಆಮೇಲೆ.

೫

ನಮ್ಮ ನಿಲುವಿಗೆ ಒಂದು ಪ್ರಬಲವಾದ ಆಕ್ಷೇಪವುಂಟು. ನಗರದ ದಟ್ಟಣೆಯಲ್ಲಿ ಗಂಟೆಗಟ್ಟಲೆ ಕಾರು ನಡೆಸುವವನಿಗೆ, ಮೊಣಕಾಲಿನ ನೋವುಳ್ಳವನಿಗೆ ಪ್ರಾಮಾಣಿಕತೆಗಿಂತ ಹಗುರತನವೇ ದೊಡ್ಡದಲ್ಲವೆ? ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹಗುರತನವನ್ನು ಸಾಧಿಸಲು ಎರಡು ದಾರಿಗಳಿವೆ. ಘರ್ಷಣೆಯನ್ನು ತಗ್ಗಿಸುವುದೂ ಅನುಪಾತವನ್ನು ಹೊಂದಿಸುವುದೂ ಒಂದು; ಅದು ಸುದ್ದಿಯನ್ನು ಕೆಡಿಸದೆ ಮೆಲುದನಿಯಲ್ಲಿ ಹೇಳುತ್ತದೆ. ಎದುರು ಬಲವನ್ನು ತಂದಿಟ್ಟು ಮರೆಮಾಚುವುದು ಇನ್ನೊಂದು. ಅದು ಸುದ್ದಿಯನ್ನೇ ತಿದ್ದುತ್ತದೆ. ಹಗುರವಾಗಿಯೂ ಸತ್ಯವಾಗಿರುವ ಪೆಡಲು ಅಸಾಧ್ಯವಲ್ಲ. ಅದಕ್ಕೆ ತುಸು ಹೆಚ್ಚಿನ ಚಲನೆಯ ಬೆಲೆ ತೆರಬೇಕು, ಅಷ್ಟೆ.

ಯಂತ್ರ ಮಾಡಬಲ್ಲ ಕೆಲಸವನ್ನು ಮನುಷ್ಯ ಇನ್ನೂ ತಾನೇ ಮಾಡಬಯಸುತ್ತಾನಾದರೆ, ಅವನಿಗೆ ಬೇಕಾದದ್ದು ಆ ಕೆಲಸದ ಅರಿವು. ಅರಿವಿಗೆ ಅಡ್ಡಬರುವ ಸೌಕರ್ಯವೂ, ಅರಿವಿನ ವೇಷ ತೊಟ್ಟ ಶ್ರಮವೂ ಒಂದೇ ಸಮನೆ ತ್ಯಾಜ್ಯ. ಕ್ಲಚ್ ಪೆಡಲನ್ನು ಸುಧಾರಿಸಹೊರಟವರು, ತಯಾರಕರಾಗಲಿ ಕಾರಿನ ಒಡೆಯರಾಗಲಿ, ‘ಇದು ಎಷ್ಟು ಭಾರ?’ ಎಂದು ಕೇಳುವ ಮೊದಲು ‘ಇದು ನಿಜವನ್ನು ಹೇಳುತ್ತಿದೆಯೆ?’ ಎಂದು ಕೇಳುವುದಾದರೆ, ಅವರ ಶ್ರಮದ ಬಹುಭಾಗ ಉಳಿಯುವುದರಲ್ಲಿ ಸಂದೇಹವಿಲ್ಲ.