ಯಾರು, ಯಾರಿಗೆ, ಯಾವಾಗ ಹೇಳಿದ್ದು?

ನಮ್ಮ ಕೂಟದ ಪುಸ್ತಕದ ಕಪಾಟಿನ ಮೂರನೆಯ ಸಾಲಿನಲ್ಲಿ ಒಂದು ವಿಚಿತ್ರ ನೆರೆಹೊರೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ಅದಕ್ಕೆ ಒರಗಿಕೊಂಡು ನಾ. ಕಸ್ತೂರಿಯವರ ‘ಅನರ್ಥಕೋಶ’, ಪಕ್ಕದಲ್ಲಿ ಬೀಚಿಯವರ ಎರಡು ಮೂರು ಪುಸ್ತಕ, ರಟ್ಟು ಕಿತ್ತುಹೋದ ಒಂದು ಗಾದೆ ಸಂಗ್ರಹ, ಹಲಸಂಗಿ ಗೆಳೆಯರ ‘ಗರತಿಯ ಹಾಡು’, ಕೊನೆಯಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಜನಪದ ಕತೆಗಳು. ಯಾರೂ ಯೋಜನೆ ಹಾಕಿ ಕೂಡಿಸಿದ್ದಲ್ಲ. ಊರಿಗೆ ಹೋದವರು ಉಪ್ಪಿನಕಾಯಿಯ ಜೊತೆ ಸೂಟ್‌ಕೇಸಿನಲ್ಲಿ ಒಂದೊಂದಾಗಿ ತಂದು ಸೇರಿಸಿದ್ದು. ಈ ಚಳಿಗಾಲ ನಾವು ಈ ಸಾಲನ್ನು ಪೂರ್ತಿ ಓದಿ ಮುಗಿಸಿದೆವು. ಓದುಗ ಮಿತ್ರರ ಮುಂದೆ ನಮ್ಮ ಅಭಿಪ್ರಾಯ ಇಡುತ್ತಿದ್ದೇವೆ.

ಇಂಥ ಪುಸ್ತಕಗಳ ಮಾತು ಬಂದಾಗ ನಮ್ಮವರ ಬಾಯಲ್ಲಿ ಎರಡು ಉದ್ಗಾರ ತಪ್ಪುವುದಿಲ್ಲ: ‘ಎಂಥ ಮುಗ್ಧ ಜನ!’ ಮತ್ತು ‘ಎಂಥ ಒಳ್ಳೆಯ ಕಾಲ!’ ಎರಡೂ ಪುಸ್ತಕಗಳಿಗೆ ಮಾಡುವ ಅನ್ಯಾಯ ಎಂಬುದು ನಮ್ಮ ವಾದ. ಅಲ್ಲಿರುವ ಜನ ಮುಗ್ಧರಲ್ಲ, ಕಾಲವೂ ಅಷ್ಟು ಒಳ್ಳೆಯದಲ್ಲ. ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದು ಸ್ಟೆತಸ್ಕೋಪು ಹಿಡಿಯುವುದನ್ನಲ್ಲ, ರೋಗಿಯ ಹಿನ್ನೆಲೆ ಕೇಳುವುದನ್ನು. ನೋವು ಎಲ್ಲಿ, ಯಾವಾಗಿನಿಂದ, ಏನು ಮಾಡುವಾಗ? ನಗೆಹನಿಗೂ ಗಾದೆಗೂ ಅದೇ ಪರೀಕ್ಷೆ ಬೇಕು. ಯಾರು, ಯಾರಿಗೆ, ಯಾವಾಗ ಹೇಳಿದ್ದು?

‘ಹಳ್ಳಿಯ ಚಿತ್ರಗಳು’ ಬಂದದ್ದು 1930ರಲ್ಲಿ. ಹೇಮಾವತಿಯ ದಡದ ಹಾಸನ ಜಿಲ್ಲೆಯ ಹಳ್ಳಿ, ಗಾಂಧಿಯನ್ನು ನಂಬಿ ಖಾದಿ ಉಟ್ಟ ಲೇಖಕ. ಗೊರೂರರ ದೊಡ್ಡ ಗುಣವೆಂದರೆ ನಗೆಯನ್ನು ಮೊದಲು ತಮ್ಮ ಮನೆಯಿಂದಲೇ ಶುರುಮಾಡುವುದು. ವಾಕ್ಯಗಳು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತವರ ಮಾತಿನಂತೆ ಅವಸರವಿಲ್ಲದೆ ಬರುತ್ತವೆ. ಕೊರತೆಯೂ ಅದೇ ಜಗಲಿಯದು. ಅಲ್ಲಿಂದ ಎಷ್ಟು ಊರು ಕಾಣುತ್ತದೋ ಅಷ್ಟನ್ನೇ ಅವರು ಬರೆದರು. ‘ಬೆಸ್ತರ ಕರಿಯ’ನಂಥವನನ್ನು ಪ್ರೀತಿಯಿಂದಲೇ ಚಿತ್ರಿಸಿದ್ದಾರೆ, ಸಂಶಯವಿಲ್ಲ. ಆದರೆ ಅಂಥವನ ಗುಡಿಸಲಿನಿಂದ ಆ ಜಗಲಿ ಹೇಗೆ ಕಾಣುತ್ತಿತ್ತು ಎಂದು ತಿಳಿಯಬೇಕಾದರೆ ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಹೋಗಬೇಕು. ಅಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಹಸಿದ ಸಂಸಾರ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಸುಲಿದು ತಿನ್ನುತ್ತದೆ. ಅಲ್ಲೂ ನಗು ಬರುತ್ತದೆ, ಆದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಪುಸ್ತಕ ನಮ್ಮ ಕಪಾಟಿನಲ್ಲಿಲ್ಲ. ಗೊರೂರರ ಪಕ್ಕದಲ್ಲೇ ಅದಕ್ಕೊಂದು ಜಾಗ ಮಾಡಬೇಕು.

‘ಅನರ್ಥಕೋಶ’ದ ಹಿಂದೆ ‘ಕೊರವಂಜಿ’ ಇದೆ. 1942ರಲ್ಲಿ ಆ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯರು. ನಮ್ಮ ಕಸುಬಿನವರೆಂದು ನಮಗೆ ಸ್ವಲ್ಪ ಪಕ್ಷಪಾತ, ಕ್ಷಮಿಸಿ. ಆರ್.ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು, ಕಸ್ತೂರಿಯವರೂ ಅದಕ್ಕೆ ಬರೆದರು. ‘ಅನರ್ಥಕೋಶ’ದಲ್ಲಿ ಅವರು ಪದಗಳನ್ನು ವೈಯಾಕರಣಿಗಳು ಒಡೆಯದ ಜಾಗದಲ್ಲಿ ಒಡೆದು ಹೊಸ ಅರ್ಥ ಹೊರಡಿಸುತ್ತಾರೆ. ದಿನಕ್ಕೆ ಎರಡು ಪುಟ ಸಾಕು, ಒಂದೇ ಸಲ ಓದಿದರೆ ಅಜೀರ್ಣ. ಆ ಕಾಲದ ಆಫೀಸು, ಕಾಲೇಜುಗಳ ಇಂಗ್ಲಿಷು ಬೆರೆತ ಮಾತು ಗೊತ್ತಿಲ್ಲದವರಿಗೆ ಹಲವು ಶ್ಲೇಷೆಗಳು ಹತ್ತುವುದೂ ಇಲ್ಲ. ಆದರೂ ಒಂದು ಸಂಗತಿಗಾಗಿ ಇದು ನಮಗೆ ಅಮೂಲ್ಯ. ಕಸ್ತೂರಿಯವರು ಹುಟ್ಟಿದ್ದು ಕೇರಳದ ತ್ರಿಪುಣಿತುರದಲ್ಲಿ, ಮನೆಮಾತು ಮಲಯಾಳಂ. ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತು, ಕನ್ನಡದವರನ್ನೇ ಕನ್ನಡದಲ್ಲಿ ನಗಿಸಿದರು. ‘ಇದು ನನ್ನ ಭಾಷೆಯಲ್ಲ’ ಎನ್ನುವ ನಮ್ಮ ಮಕ್ಕಳಿಗೆ ಇದಕ್ಕಿಂತ ಉತ್ತಮ ಉತ್ತರ ಬೇಕೆ?

ಬೀಚಿಯವರ ತಿಮ್ಮ ಇಂದಿಗೂ ನಗಿಸುತ್ತಾನೆ, ಎಲ್ಲ ಪುಟಗಳಲ್ಲೂ ಅಲ್ಲ. ಲಂಚ, ಡಂಭ, ದೊಡ್ಡವರ ಸಣ್ಣತನಗಳನ್ನು ಕಚ್ಚುವಾಗ ಹಲ್ಲು ಇನ್ನೂ ಗಟ್ಟಿಯಾಗಿದೆ. ಹೆಂಡತಿಯರ ಮೇಲಿನ ನಗೆಹನಿಗಳು ಮಾತ್ರ ಹಳಸಿವೆ. ಅಲ್ಲಿ ಹೇಳುವವನು ಯಾವಾಗಲೂ ಗಂಡನೇ ಆದ್ದರಿಂದ ಅರ್ಧ ಕತೆ ಮಾತ್ರ ಸಿಗುತ್ತದೆ.

ಇನ್ನು ಗಾದೆಗಳು. ನಮ್ಮಲ್ಲಿರುವ ಸಂಗ್ರಹ ಅಕಾರಾದಿಯಾಗಿದೆ, ಮುಖ್ಯ ದೋಷವೂ ಅದೇ. ಸಂದರ್ಭವಿಲ್ಲದ ಗಾದೆ ರೋಗಿಯ ಹೆಸರಿಲ್ಲದ ಔಷಧದ ಚೀಟಿಯಂತೆ. ‘ತಾಳಿದವನು ಬಾಳಿಯಾನು’ ಎಂದು ಒಂದು ಪುಟದಲ್ಲಿದ್ದರೆ, ‘ನಾಳೆ ಎಂದವನ ಮನೆ ಹಾಳು’ ಎಂದು ಇನ್ನೊಂದರಲ್ಲಿ. ಯಾವುದು ನಿಜ? ಎರಡೂ ನಿಜ. ತಾಯಿ ಮಗನ ತಲೆ ಸವರಿ ‘ತಾಳಿದವನು ಬಾಳಿಯಾನು’ ಎಂದರೆ ಸಮಾಧಾನ. ಅದೇ ಮಾತನ್ನು ಕೂಲಿ ಕೇಳಲು ಬಂದವನಿಗೆ ಒಡೆಯ ಹೇಳಿದರೆ ಮೋಸ. ಜನ ಗಾದೆಯನ್ನು ಗೋಡೆಗೆ ಬರೆದು ಪೂಜಿಸಲಿಲ್ಲ, ವಾದ ಗೆಲ್ಲಲು ಬಳಸಿದರು. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬುದೂ ಈ ಸಂಗ್ರಹದಲ್ಲಿ ಒಂದಕ್ಷರ ಟಿಪ್ಪಣಿಯಿಲ್ಲದೆ ಕುಳಿತಿದೆ. ಹಳೆಯದೆಲ್ಲ ಜ್ಞಾನ ಎಂದು ಇದನ್ನು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡಲಾದೀತೆ?

ಕೊಡಬಹುದು, ಜೊತೆಗೆ ‘ಗರತಿಯ ಹಾಡು’ ಕೊಟ್ಟರೆ. ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಇವು. ಬೀಸುವ ಕಲ್ಲಿನ ಮುಂದೆ ಕೂತು, ಹಿಟ್ಟು ಬೀಳುವ ಲಯಕ್ಕೆ ಸರಿಯಾಗಿ ತವರು, ಗಂಡ, ಅತ್ತೆ, ಕೂಸು ಎಲ್ಲರನ್ನೂ ಅಳೆದು ತೂಗಿದ ಬುದ್ಧಿ ಯಾವ ಮೊಣಕಾಲಿನದು? ಈ ಸಾಲಿನಲ್ಲಿ ಒಂದೇ ಪುಸ್ತಕ ಉಳಿಸಿಕೊಳ್ಳಿ ಎಂದರೆ ನಾವು ಇದನ್ನೇ ಉಳಿಸಿಕೊಳ್ಳುತ್ತೇವೆ.

ರಾಮಾನುಜನ್ನರ 1991ರ ಸಂಗ್ರಹದಲ್ಲಿ ಒಂದು ಕನ್ನಡ ಕತೆಯಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಅವಳು ಬಾಯಿ ತೆರೆದು ಮಲಗಿದ್ದಾಗ ಅವೆರಡೂ ಹೊರಬಿದ್ದು, ಕತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ‘ಇವು ಯಾರವು?’ ಎಂದು ಗಂಡ ಜಗಳ ತೆಗೆದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳ ಹರಟೆಯಿಂದ ಅವನಿಗೆ ನಿಜ ತಿಳಿಯುವ ಹೊತ್ತಿಗೆ ಅವಳಿಗೆ ಕತೆಯೂ ಹಾಡೂ ಮರೆತೇ ಹೋಗಿದ್ದವು. ಕಾರ್ನಾಡರ ‘ನಾಗಮಂಡಲ’ ಓದಿದವರಿಗೆ ಈ ದೀಪಗಳ ಗುರುತು ಹತ್ತುತ್ತದೆ. ಪರದೇಶದಲ್ಲಿರುವ ನಮಗೆ ಇದು ಬರೀ ತಮಾಷೆಯ ಕತೆಯಲ್ಲ.

ನಮ್ಮ ಕಸುಬಿನಲ್ಲಿ ಇದರ ರುಚಿ ಆಗಾಗ ಸಿಗುತ್ತದೆ. ಒಮ್ಮೆ ಊರಿನಿಂದ ಬಂದ ಅಜ್ಜಿಯೊಬ್ಬರು ‘ಎದೆ ಝಲ್ ಅಂತು ಡಾಕ್ಟ್ರೇ’ ಎಂದರು. ಇಲ್ಲೇ ಹುಟ್ಟಿದ ಮೊಮ್ಮಗ ಅದನ್ನು ಎದೆನೋವು ಎಂದು ನರ್ಸಿಗೆ ಅನುವಾದಿಸಿ ಆಗಿತ್ತು. ನಾವು ಹೋಗುವಷ್ಟರಲ್ಲಿ ಇಸಿಜಿ ವೈರುಗಳು ಅಂಟಿದ್ದವು. ಅಜ್ಜಿ ಹೇಳಿದ್ದು ಮೊಮ್ಮಗ ಕಾರು ಓಡಿಸುವ ವೇಗ ನೋಡಿ ಹೆದರಿದ್ದನ್ನು! ಹುಡುಗನಿಗೆ ಪದಗಳು ಬರುತ್ತಿದ್ದವು. ಆ ಮಾತನ್ನು ಯಾವಾಗ ಆಡುತ್ತಾರೆ ಎಂಬುದು ಬರುತ್ತಿರಲಿಲ್ಲ. ಅವತ್ತು ನಕ್ಕು ಮುಗಿಸಿದೆವು. ಎಲ್ಲ ಸಲವೂ ನಗೆಯಲ್ಲಿ ಮುಗಿಯುವುದಿಲ್ಲ.

ಆ ‘ಯಾವಾಗ’ ಎಂಬುದು ಪುಸ್ತಕದಲ್ಲಿಲ್ಲ. ಬೇಸಿಗೆಗೆ ಇಲ್ಲಿ ಬಂದು ನಾಲ್ಕಾರು ತಿಂಗಳು ಇದ್ದು ಹೋಗುವ ನಮ್ಮ ಅಪ್ಪ, ಅಮ್ಮ, ಅತ್ತೆ, ಮಾವಂದಿರಲ್ಲಿದೆ. ಗೊರೂರರೂ ಇಳಿವಯಸ್ಸಿನಲ್ಲಿ ಹಾಗೆ ಅಮೆರಿಕಕ್ಕೆ ಬಂದು ಹೋದವರೇ. ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಹಿರಿಯರಿಗೆ ಪ್ರಶಸ್ತಿ ಬರದಿದ್ದರೂ ಚಿಂತೆಯಿಲ್ಲ, ಟಿವಿಯ ಮುಂದೆ ಕೂರಿಸುವ ಬದಲು ಕೈಗೆ ಈ ಗಾದೆ ಪುಸ್ತಕ ಕೊಡಿ. ‘ಇದನ್ನು ನಿಮಗೆ ಯಾರು ಹೇಳಿದ್ದರು, ಏನಾಗಿತ್ತು ಆಗ?’ ಎಂದು ಕೇಳಿ, ಉತ್ತರವನ್ನು ಪುಟದ ಅಂಚಿನಲ್ಲೇ ಬರೆಯಿರಿ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂಬ ನಿಯಮವನ್ನು ಈ ಒಂದು ಪುಸ್ತಕಕ್ಕೆ ಸಡಿಲಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ. ಪೆನ್ಸಿಲು ನಾವೇ ತಂದುಕೊಡುತ್ತೇವೆ.