ಮೊಸರಿನ ಜೀವಾಣುಗಳೂ ಸಹಜ ಸಂರಕ್ಷಕಗಳೂ: ಒಂದು ವಿಮರ್ಶೆ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಾಗಲಿ, ಕನ್ನಡನಾಡಿನ ಮತ್ತಾವ ಊರಿನಲ್ಲಾಗಲಿ, ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಮೊಸರಾಗುವುದು ಯಾರಿಗೂ ಸೋಜಿಗವಲ್ಲ. ಆದರೆ ಹಾಲು ಕೆಟ್ಟುಹೋಗುವಷ್ಟು ಕಾಲದಲ್ಲಿ ಮೊಸರು ಹುಳಿಯೇರಿಯೂ ಉಣ್ಣಲು ಯೋಗ್ಯವಾಗಿ ಉಳಿಯುವುದೇಕೆ? ಈ ಪ್ರಶ್ನೆಗೆ ಸೂಕ್ಷ್ಮಜೀವಿಶಾಸ್ತ್ರ ಕೊಡುವ ಉತ್ತರಕ್ಕೂ, ಅದರ ಹೆಸರಿನಲ್ಲಿ ಹಬ್ಬಿರುವ ಉತ್ಸಾಹಕ್ಕೂ ನಡುವಿನ ಅಂತರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊಸರನ್ನು ಕಾಯುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ. ಅದರ ಜೊತೆಗೆ ಕೆಲವು ತಳಿಗಳು ಹೈಡ್ರೊಜನ್ ಪೆರಾಕ್ಸೈಡನ್ನೂ, ಮತ್ತೆ ಕೆಲವು ಬ್ಯಾಕ್ಟೀರಿಯೋಸಿನ್ ಎಂಬ ಪ್ರೋಟೀನು ಜಾತಿಯ ವಸ್ತುಗಳನ್ನೂ ಉತ್ಪಾದಿಸುತ್ತವೆ. ಹಾಲಿನ ಬ್ಯಾಕ್ಟೀರಿಯವೊಂದು ಮತ್ತೊಂದರ ಬೆಳವಣಿಗೆಯನ್ನು ತಡೆಯುವುದನ್ನು ರೋಜರ್ಸ್ ಮತ್ತು ವಿಟಿಯರ್ 1928ರಲ್ಲಿ ವರದಿ ಮಾಡಿದರು. 1947ರಲ್ಲಿ ಮ್ಯಾಟಿಕ್ ಮತ್ತು ಹರ್ಷ್ ಅಂಥ ವಸ್ತುವಿಗೆ ನೈಸಿನ್ ಎಂದು ಹೆಸರಿಟ್ಟರು. ಮೂವತ್ತನಾಲ್ಕು ಅಮೈನೋ ಆಮ್ಲಗಳ ಈ ಸರಪಳಿ ಶತ್ರುಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. 1969ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಮಿತಿ ಆಹಾರದಲ್ಲಿ ಇದರ ಬಳಕೆಯನ್ನು ಒಪ್ಪಿತು. ಇದು ಗಟ್ಟಿಯಾದ ಸಾಧನೆ.

ಆಕ್ಷೇಪಣೆ ಇರುವುದು ಅನಂತರದ ಅನುಕರಣೆಯ ಬಗೆಗೆ. ಮೊಸರಿನಿಂದಲೋ ಇಡ್ಲಿಯ ಹಿಟ್ಟಿನಿಂದಲೋ ಒಂದು ತಳಿಯನ್ನು ಬೇರ್ಪಡಿಸಿ, ಅಗರ್ ತಟ್ಟೆಯಲ್ಲಿ ಅದರ ಸುತ್ತ ತಿಳಿಯಾದ ವಲಯ ಕಂಡೊಡನೆ “ಬ್ಯಾಕ್ಟೀರಿಯೋಸಿನ್ ದೊರೆಯಿತು” ಎಂದು ಬರೆಯುವುದು ಸುಲಭ. ಆದರೆ ಆಮ್ಲವೊಂದೇ ಅಂಥ ವಲಯವನ್ನು ಉಂಟುಮಾಡಬಲ್ಲದು. ದ್ರವವನ್ನು ತಟಸ್ಥಗೊಳಿಸಿ ಆಮ್ಲದ ಪ್ರಭಾವವನ್ನೂ, ಕ್ಯಾಟಲೇಸ್ ಕಿಣ್ವದಿಂದ ಪೆರಾಕ್ಸೈಡಿನ ಪ್ರಭಾವವನ್ನೂ ತೊಡೆದುಹಾಕಬೇಕು; ಪ್ರೋಟೀನು ಸೀಳುವ ಕಿಣ್ವದಿಂದ ಉಳಿದ ಶಕ್ತಿ ನಾಶವಾಗುವುದೇ ಎಂದು ನೋಡಬೇಕು. ಇಲ್ಲಿಯೂ ಒಂದೇ ಕಿಣ್ವವನ್ನು ನೆಚ್ಚುವುದು ಸಲ್ಲದು: ನೈಸಿನ್ ಕೈಮೋಟ್ರಿಪ್ಸಿನ್‌ಗೆ ಮಣಿಯುತ್ತದೆ, ಟ್ರಿಪ್ಸಿನ್‌ಗೆ ಸುಲಭವಾಗಿ ಮಣಿಯದು. ಇಷ್ಟನ್ನೂ ಮಾಡದ ಪ್ರಬಂಧ ಹುಳಿಯನ್ನು ಕಂಡು ಹೊಸ ಔಷಧವನ್ನು ಘೋಷಿಸಿದಂತೆ.

ಉತ್ಪಾದನೆಯ ಮಾತೂ ಹೀಗೆಯೇ. ಪ್ರಯೋಗಾಲಯದ ಎಂ.ಆರ್.ಎಸ್. ಮಾಧ್ಯಮದಲ್ಲಿ ದೊರೆತ ಇಳುವರಿಯಿಂದ ಕಾರ್ಖಾನೆಯ ಲೆಕ್ಕ ಹಾಕಲಾಗದು. ಆ ಮಾಧ್ಯಮ ದುಬಾರಿ. ಪನೀರು ತೆಗೆದ ಮೇಲೆ ಉಳಿಯುವ ತಿಳಿನೀರಿನಲ್ಲಿ ಲ್ಯಾಕ್ಟೋಸ್ ಇದೆ. ಸಾರಜನಕದ ಪೋಷಕವನ್ನು ಸೇರಿಸಿದರೆ ಅದು ಅಗ್ಗದ ಆಹಾರವಾದೀತು. ಬೇರ್ಪಡಿಸುವ ವಿಧಾನವೂ ಕುತೂಹಲಕರ: ನೈಸಿನ್ ಸುಮಾರು 6ರ ಪಿ.ಎಚ್.ನಲ್ಲಿ ತನ್ನ ಉತ್ಪಾದಕ ಕೋಶಗಳಿಗೇ ಅಂಟಿಕೊಳ್ಳುತ್ತದೆ, ಸುಮಾರು 2ರಲ್ಲಿ ಬಿಟ್ಟುಕೊಡುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಪೀಡಿಯೊಕಾಕಸ್ ತಳಿಗಳ ಬ್ಯಾಕ್ಟೀರಿಯೋಸಿನ್‌ಗಳ ಅಧ್ಯಯನವೂ ನಡೆದಿದೆ. ನಮ್ಮ ವಿದ್ಯಾರ್ಥಿಗಳು ಮುಂದುವರಿಸಬೇಕಾದ ದಾರಿ ಇದು.

ಕೊನೆಯದಾಗಿ, “ಸಹಜ” ಎಂಬ ವಿಶೇಷಣ. ನೈಸಿನ್ ಸಾಮಾನ್ಯವಾಗಿ ಗ್ರಾಂ-ಧನ ಜೀವಾಣುಗಳನ್ನು ಕೊಲ್ಲುತ್ತದೆ. ಗ್ರಾಂ-ಋಣ ಗುಂಪಿಗೆ ಸೇರಿದ, ಸಗಣಿಯಿಂದಲೂ ಕೊಳಕು ನೀರಿನಿಂದಲೂ ಹಾಲನ್ನು ಸೇರುವ ಇ. ಕೋಲಿಯನ್ನು ಅದೊಂದೇ ತಡೆಯಲಾರದು. ಬೂಷ್ಟು, ಯೀಸ್ಟುಗಳ ಮೇಲೂ ಅದರ ಆಟ ನಡೆಯದು. ಇದನ್ನು ಮರೆತು ಹಳ್ಳಿಯ ಹಾಲು ಉತ್ಪಾದಕನಿಗೆ ಚಿಟಿಕೆ ಪುಡಿಯ ಭರವಸೆ ಕೊಟ್ಟರೆ, ತೊಳೆದ ಪಾತ್ರೆಗೂ ಬೇಗನೆ ತಂಪುಮಾಡುವ ಕ್ರಮಕ್ಕೂ ಬೆಲೆ ಇಲ್ಲದಂತಾಗಿ, ಆ ಹಾಲು ಕುಡಿಯುವ ಮಗುವೇ ದಂಡ ತೆರಬೇಕಾದೀತು. ಬ್ಯಾಕ್ಟೀರಿಯೋಸಿನ್ ಶುಚಿತ್ವಕ್ಕೆ ಒತ್ತಾಸೆಯೇ ಹೊರತು ಬದಲಿಯಲ್ಲ. ಇದನ್ನು ಮೊದಲ ಪುಟದಲ್ಲಿಯೇ ಒಪ್ಪಿಕೊಳ್ಳುವ ಸಂಶೋಧನೆಗೆ ನಮ್ಮ ಆದರ ಸಲ್ಲತಕ್ಕದ್ದು.