ಕಿವಿಗೆ ಸಿಕ್ಕಷ್ಟೇ ಲೆಕ್ಕ

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಹಕ್ಕಿ ಗಣತಿ ಎಂದರೆ ಬಹುಪಾಲು ಕಿವಿಯ ಕೆಲಸ. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ಹರವಿನ ಈ ಕಾಡು ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚಾಚಿದೆ. ಲಾಯಿಲ ಗ್ರಾಮಕ್ಕೆ ಹತ್ತಿರದ ಗಡಾಯಿಕಲ್ಲು ಬೆಟ್ಟವೂ ಇದರ ವ್ಯಾಪ್ತಿಗೇ ಸೇರಿದ್ದು. ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ದಟ್ಟ ಮರಗಳ ನಡುವೆ ಬೈನಾಕ್ಯುಲರ್‌ಗೆ ಸಿಗುವುದು ಕಡಿಮೆ. ಹಾಗಾಗಿ ಜಾಡಿನುದ್ದಕ್ಕೂ ಕನಿಷ್ಠ 200 ಮೀಟರ್ ಅಂತರದಲ್ಲಿ ನಿಲ್ದಾಣಗಳನ್ನು ಗುರುತಿಸುತ್ತಾರೆ. ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರಬಾರದಲ್ಲ. ಬೆಳಕು ಹರಿಯುತ್ತಲೇ ಅಲ್ಲಲ್ಲಿ ಐದೋ ಹತ್ತೋ ನಿಮಿಷ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ದೂರದ ಅಂದಾಜಿನೊಡನೆ ಬರೆದುಕೊಳ್ಳುತ್ತಾರೆ.

ಕಿವಿಯನ್ನು ಮೋಸಗೊಳಿಸುವವರೂ ಇದ್ದಾರೆ. ಭೀಮರಾಜ ಗಿಡುಗದ ಕೂಗನ್ನೂ ಇತರ ಹಕ್ಕಿಗಳ ಸ್ವರವನ್ನೂ ಹಾಗೆಯೇ ಅನುಕರಿಸುತ್ತದೆ. ಹೊಸಬರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಸೇರಿಕೊಳ್ಳುವುದು ಹೀಗೆ. ಕಾಕರಣೆಯದು ಬೇರೆ ಉಪಾಯ. ಗಂಡಿನ ಕೆಂಪು ಎದೆ ಕಣ್ಣಿಗೆ ಹೊಡೆಯುವಂತಿದ್ದರೂ, ಮನುಷ್ಯನ ಸುಳಿವು ಸಿಕ್ಕರೆ ಬೆನ್ನು ತಿರುಗಿಸಿ ಕದಲದೆ ಕೂತುಬಿಡುತ್ತದೆ. ಸಣ್ಣ ಕೂಗೊಂದೇ ಗತಿ.

ಮಂಗಟ್ಟೆಯ ಲೆಕ್ಕವಂತೂ ಕಾಲ ನೋಡಿ ಓದಬೇಕಾದದ್ದು. ಬೇಸಿಗೆಯ ಹೊತ್ತಿಗೆ ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಯನ್ನು ಹಿಕ್ಕೆ ಮುಂತಾದವುಗಳಿಂದ ಮೆತ್ತಿ ಕಿರಿದಾದ ಸೀಳಷ್ಟೇ ಉಳಿಸಿಕೊಳ್ಳುತ್ತದೆ. ಅತ್ತಿ, ಗೋಳಿ ಹಣ್ಣು ಹೊತ್ತು ಓಡಾಡುವುದು ಗಂಡು ಮಾತ್ರ. ಮಾರ್ಚಿನಲ್ಲಿ ಒಂಟಿ ಮಂಗಟ್ಟೆ ಕಂಡರೆ ಒಂದೇ ಎಂದು ಬರೆಯಬೇಕು, ಅದರ ಹಿಂದೆ ಗೂಡಿರಬಹುದೆಂಬ ಟಿಪ್ಪಣಿಯೊಡನೆ.

ಮಳೆಗಾಲದಲ್ಲಿ ಇಂಬಳದ ಕಾಟ, ನೀರಿನ ಸದ್ದು. ಗಣತಿ ಹೆಚ್ಚಾಗಿ ನಡೆಯುವುದಿಲ್ಲ. ತೊರೆಯಂಚಿನ ಸಿಳ್ಳಾರ ಮನಸೋ ಇಚ್ಛೆ ಹಾಡುವುದು ಆಗಲೇ ಎಂಬುದು ಬೇರೆ ಮಾತು.

ಎಷ್ಟು ಜಾತಿ ಕಂಡವು ಎಂಬ ಪೈಪೋಟಿ ಹವ್ಯಾಸಿಗಳಿಗೆ ಚೆನ್ನ. ಆದರೆ ತಪ್ಪಲಿನ ನಿತ್ಯಹರಿದ್ವರ್ಣ ಕಾಡಿನ ಹಕ್ಕಿಗಳೇ ಬೇರೆ, 1,892 ಮೀಟರ್ ಎತ್ತರದ ಶಿಖರದ ಸುತ್ತಣ ಶೋಲಾ, ಹುಲ್ಲುಗಾವಲಿನವೇ ಬೇರೆ. ಎರಡನ್ನೂ ಒಂದೇ ಪಟ್ಟಿಗೆ ಸುರಿದರೆ ಉದ್ದವಾಗುತ್ತದೆಯೇ ಹೊರತು ಅರ್ಥವಾಗದು. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗಣಿಯ ಆಸುಪಾಸಿಗೆ ಯಾವ ಹಕ್ಕಿ ಮರಳಿತು, ಯಾವುದು ಮರಳಲಿಲ್ಲ ಎನ್ನಲು ಅದೇ ಜಾಡನ್ನು, ಅದೇ ತಿಂಗಳಲ್ಲಿ, ಅದೇ ಹೊತ್ತಿಗೆ ವರ್ಷ ವರ್ಷವೂ ನಡೆದ ಟಿಪ್ಪಣಿಗಳೇ ಬೇಕು.